ಗ್ವಾರಾನಾ: ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗ ಓದಿ

"ಕಾಫಿ ಬಿಟ್ಟುಬಿಟ್ಟೆ, ಈಗ ಬೆಳಿಗ್ಗೆ ಒಂದು ಗ್ವಾರಾನಾ ಮಾತ್ರೆ ಅಷ್ಟೇ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಬೀಡಿ ಬಿಟ್ಟು ಸಿಗರೇಟು ಹಿಡಿದವರ ನೆನಪಾಗುತ್ತದೆ. ಗ್ವಾರಾನಾ ಎಂಬ ಈ ಅಮೆಜಾನ್ ಬೀಜದಲ್ಲಿ ಕೆಲಸ ಮಾಡುವುದು ಬಹುಪಾಲು ಕಾಫಿಯಲ್ಲಿರುವ ಅದೇ ಕೆಫೀನೇ. ಅದೂ ಕಾಫಿಗಿಂತ ಗಟ್ಟಿಯಾಗಿ: ಕಾಫಿ ಬೀಜದ ತೂಕದಲ್ಲಿ ಕೆಫೀನ್ ಶೇ. 1ರಿಂದ 2ರ ಆಸುಪಾಸು ಇದ್ದರೆ, ಒಣ ಗ್ವಾರಾನಾ ಬೀಜದಲ್ಲಿ ಸುಮಾರು ಶೇ. 2ರಿಂದ 7ರವರೆಗೆ ಇರುತ್ತದೆ.

ಹಾಗೆಂದು ಅದು ವಿಷವೇನಲ್ಲ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ತೆಗೆದುಕೊಂಡರೆ ಆರೋಗ್ಯವಂತರಿಗೆ ಉಪಯೋಗವಿದೆ. ತೊಂದರೆ ಇರುವುದು ಅದನ್ನು ಮಾರುವ ಮಾತಿನಲ್ಲಿ. "ನೈಸರ್ಗಿಕ ಚೈತನ್ಯ", "ನಿಧಾನಕ್ಕೆ ಬಿಡುಗಡೆಯಾಗುವ ಶಕ್ತಿ", "ಕಾಫಿಯ ಹಾಗೆ ಕೈ ನಡುಗಿಸುವುದಿಲ್ಲ" ಎಂದೆಲ್ಲ ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುತ್ತದೆ. ನಮಗೆ ಬೇಕಾದದ್ದು ಹಿಂಭಾಗದಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿರುತ್ತದೆ. ಇಲ್ಲಿ ಮುಂದೆ ಹೇಳುವುದೆಲ್ಲ ಒಂದೇ ಅಭ್ಯಾಸದ ಸುತ್ತ: ಗ್ವಾರಾನಾ ಎಷ್ಟು ಎಂದು ಎಣಿಸಬೇಡಿ, ಕೆಫೀನ್ ಎಷ್ಟು ಎಂದು ಎಣಿಸಿ.

ಎಲ್ಲಿಯದು ಈ ಬೀಜ

ಗ್ವಾರಾನಾ ಅಮೆಜಾನ್ ಕಾಡಿನ ಬಳ್ಳಿ. ಸಸ್ಯಶಾಸ್ತ್ರದ ಹೆಸರು ಪೌಲಿನಿಯಾ ಕುಪಾನಾ. ಲಿಚಿ ಹಣ್ಣು, ಅಂಟುವಾಳ ಇವೆಲ್ಲ ಅದರ ದಾಯಾದಿಗಳು, ಒಂದೇ ಕುಟುಂಬ. ಕಾಯಿ ಕೆಂಪಗೆ ಹಣ್ಣಾಗಿ ಬಿರಿದಾಗ ಒಳಗೆ ಬಿಳಿ ತಿರುಳಿನ ನಡುವೆ ಕಪ್ಪು ಬೀಜ ಕಾಣುತ್ತದೆ. ಥೇಟ್ ಕಣ್ಣು ಬಿಟ್ಟು ನೋಡಿದ ಹಾಗೆ. ಬ್ರೆಜಿಲಿನ ಸಾಟೆರೆ-ಮಾವೆ ಜನರ ಐತಿಹ್ಯವೂ ಅದನ್ನೇ ಹೇಳುತ್ತದೆ. ಸತ್ತುಹೋದ ಮಗುವೊಂದರ ಕಣ್ಣನ್ನು ನೆಟ್ಟ ಜಾಗದಲ್ಲಿ ಈ ಬಳ್ಳಿ ಹುಟ್ಟಿತಂತೆ.

ಗ್ವಾರಾನಾವನ್ನು ಕಾಡಿನಿಂದ ತಂದು ಸಾಗುವಳಿಗೆ ಒಗ್ಗಿಸಿದವರು ಈ ಜನರೇ. ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ನೀರು ಬೆರೆಸಿ ಕಣಕ ಮಾಡಿ, ಅದನ್ನು ಕೋಲಿನ ಆಕಾರಕ್ಕೆ ತಂದು ಹೊಗೆಯಲ್ಲಿ ಒಣಗಿಸುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಆ ಕೋಲನ್ನು ಪಿರಾರುಕು ಎಂಬ ದೈತ್ಯ ಮೀನಿನ ನಾಲಿಗೆಯ ಮೂಳೆಯಿಂದ ತುರಿದು, ನೀರಿಗೆ ಹಾಕಿ ಕುಡಿಯುವುದು ರೂಢಿ. ಗಮನಿಸಿ: ತುರಿದ ಪುಡಿ, ಒಂದಿಷ್ಟು ನೀರು. ಇವತ್ತು ಕ್ಯಾಪ್ಸೂಲಿನೊಳಗೆ ತುಂಬಿಸಿಡುವ ಸಾಂದ್ರ ಸಾರಕ್ಕೂ ಇದಕ್ಕೂ ಬಹಳ ದೂರ. "ಸಾವಿರಾರು ವರ್ಷಗಳಿಂದ ಬಳಸುತ್ತಿದ್ದಾರೆ, ಏನೂ ಆಗುವುದಿಲ್ಲ" ಎನ್ನುವ ಮಾತು ಅದಕ್ಕೇ ಇಲ್ಲಿ ಸಲ್ಲುವುದಿಲ್ಲ. ಅವರು ಬಳಸಿದ್ದು ಇದನ್ನಲ್ಲ.

1669ರಲ್ಲಿ ಜೋವಾವ್ ಫೆಲಿಪೆ ಬೆಟೆಂಡಾರ್ಫ್ ಎಂಬ ಜೆಸ್ವಿಟ್ ಪಾದ್ರಿ ಈ ಪಾನೀಯದ ಬಗ್ಗೆ ಬರೆದಿಟ್ಟ. ಮುಂದೆ 1820ರ ದಶಕದಲ್ಲಿ ಥಿಯೋಡೋರ್ ಮಾರ್ಟಿಯಸ್ ಎಂಬ ಜರ್ಮನ್ ಔಷಧಶಾಸ್ತ್ರಜ್ಞ ಬೀಜದಿಂದ ಬಿಳಿ ಹರಳಿನಂಥ ವಸ್ತುವೊಂದನ್ನು ಬೇರ್ಪಡಿಸಿ "ಗ್ವಾರಾನೈನ್" ಎಂದು ಹೆಸರಿಟ್ಟ. ಹೊಸ ಪದಾರ್ಥ ಸಿಕ್ಕಿತೆಂದುಕೊಂಡಿದ್ದು ಕಡೆಗೆ ಕಾಫಿಯಿಂದ 1819ರಲ್ಲೇ ತೆಗೆದಿದ್ದ ಕೆಫೀನ್ ಎಂದು ಗೊತ್ತಾಯಿತು. ಚಹಾದ "ಥೀನ್" ಕತೆಯೂ ಇದೇ. ಮೂರು ಹೆಸರು, ಒಂದೇ ಅಣು. ವಿಚಿತ್ರವೆಂದರೆ ಇಂದಿಗೂ ಕೆಲವು ಡಬ್ಬಿಗಳ ಮೇಲೆ "ಗ್ವಾರಾನೈನ್" ಎಂಬ ಹೆಸರು ಕೆಫೀನ್ ಅಲ್ಲವೇ ಅಲ್ಲ ಎನ್ನುವ ಧಾಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು ಇನ್ನೂರು ವರ್ಷ ಹಿಂದೆ ಬಗೆಹರಿದ ಗೊಂದಲವನ್ನು ಮಾರಾಟಕ್ಕಾಗಿ ಜೀವಂತ ಇಟ್ಟಿದ್ದಾರೆ.

ಹೆಜ್ಜೆ 1: ನಿಮಗಿದು ಬೇಡವೇ ಬೇಡವೇ, ನೋಡಿಕೊಳ್ಳಿ

ಬಹಳ ಲೇಖನಗಳಲ್ಲಿ ಈ ಭಾಗ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಓದುಗರು ಡಬ್ಬಿ ಆರ್ಡರ್ ಮಾಡಿ ಆಗಿರುತ್ತದೆ. ಹಾಗಾಗಿ ಇದನ್ನೇ ಮೊದಲು ಮುಗಿಸೋಣ.

ಎದೆಬಡಿತದ ಲಯ ತಪ್ಪುವವರು, ಹೃದಯದ ಕವಾಟದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು ಗ್ವಾರಾನಾದಿಂದ ದೂರ ಇರಬೇಕು. ಇದು ಬರೀ ಎಚ್ಚರಿಕೆಗೆ ಹೇಳುವ ಮಾತಲ್ಲ. 2001ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 25 ವರ್ಷದ ಯುವತಿಯೊಬ್ಬಳ ಸಾವಿನ ವರದಿ ಬಂತು. ಅವಳಿಗೆ ಹೃದಯದ ಮೈಟ್ರಲ್ ಕವಾಟದ ತೊಂದರೆ ಇತ್ತು. ಕುಡಿದದ್ದು "ಆರೋಗ್ಯ ಪಾನೀಯ"ದ ಹೆಸರಿನಲ್ಲಿ ಸಿಗುತ್ತಿದ್ದ, ಕೆಫೀನ್ ಬಹಳ ಹೆಚ್ಚಿದ್ದ ಗ್ವಾರಾನಾ ಪೇಯ.

ಪ್ಯಾನಿಕ್ ಅಟ್ಯಾಕ್ ಅಥವಾ ತೀವ್ರ ಆತಂಕದ ತೊಂದರೆ, ಅಪಸ್ಮಾರ, ಬೈಪೋಲಾರ್ ಕಾಯಿಲೆ, ಗ್ಲೂಕೋಮಾ, ಹೊಟ್ಟೆಯ ಹುಣ್ಣು, ಸುಮ್ಮಸುಮ್ಮನೆ ಎದೆಯುರಿ, ಮೊದಲೇ ನಿದ್ದೆ ಬಾರದ ಕಷ್ಟ ಇದ್ದರೂ ಇದು ನಿಮ್ಮ ದಾರಿಯಲ್ಲ. ಮಕ್ಕಳಿಗಂತೂ ಬೇಡ. ಹದಿಹರೆಯದವರಿಗೂ ಪೂರಕ ರೂಪದಲ್ಲಿ ಬೇಡ. ಪರೀಕ್ಷೆ ಹತ್ತಿರ ಬಂದಾಗ ಮನೆಯವರೇ ತಂದುಕೊಡುವುದುಂಟು, ಅದು ಮಗುವಿನ ನಿದ್ದೆ ಕಿತ್ತುಕೊಂಡು ನೆನಪಿನ ಶಕ್ತಿ ಬೇಡಿದ ಹಾಗಾಗುತ್ತದೆ.

ಗರ್ಭಿಣಿಯರಿಗೂ ಎದೆಹಾಲುಣಿಸುವವರಿಗೂ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಎಂಬುದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಿತಿ. ಕಾಫಿ, ಚಹಾದಲ್ಲೇ ಅದು ಮುಗಿದುಹೋಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ದೇಹ ಕೆಫೀನನ್ನು ಹೊರಹಾಕುವ ವೇಗವೂ ಬಹಳ ಕುಗ್ಗಿರುತ್ತದೆ. ಎಷ್ಟಿದೆಯೆಂದು ನಿಖರವಾಗಿ ಗೊತ್ತಾಗದ ಪುಡಿಯನ್ನು ಆ ದಿನಗಳಲ್ಲಿ ಮುಟ್ಟದಿರುವುದೇ ಕ್ಷೇಮ.

ಇನ್ನು ಔಷಧಿಗಳು. ಕೆಫೀನನ್ನು ಒಡೆಯುವುದು ಪಿತ್ತಜನಕಾಂಗದ ಒಂದು ಕಿಣ್ವ. ಅದೇ ಕಿಣ್ವಕ್ಕೆ ಅಡ್ಡಿ ಮಾಡುವ ಔಷಧಿ ನೀವು ತೆಗೆದುಕೊಳ್ಳುತ್ತಿದ್ದರೆ ಬೆಳಗಿನ ಕೆಫೀನ್ ಸಂಜೆಯಾದರೂ ಮೈಯಲ್ಲೇ ಇರುತ್ತದೆ. ಖಿನ್ನತೆಗೂ ಗೀಳುರೋಗಕ್ಕೂ ಕೊಡುವ ಫ್ಲೂವಾಕ್ಸಮೀನ್, ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಈ ಸಾಲಿನವು. ಗರ್ಭನಿರೋಧಕ ಮಾತ್ರೆಗಳೂ ಕೆಫೀನ್ ಮೈಯಲ್ಲಿ ಉಳಿಯುವ ಹೊತ್ತನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತವೆ. ಇದನ್ನು ಹೇಳುವವರು ಕಡಿಮೆ. ಉಬ್ಬಸಕ್ಕೆ ಥಿಯೋಫಿಲಿನ್, ಮನೋರೋಗಕ್ಕೆ ಕ್ಲೋಜಪೈನ್ ಅಥವಾ ಲಿಥಿಯಂ ತೆಗೆದುಕೊಳ್ಳುವವರು ಕೆಫೀನನ್ನು ತಟ್ಟನೆ ಹೆಚ್ಚಿಸುವುದೂ ತಪ್ಪು, ತಟ್ಟನೆ ನಿಲ್ಲಿಸುವುದೂ ತಪ್ಪು. ರಕ್ತದಲ್ಲಿ ಆ ಔಷಧಿಯ ಮಟ್ಟವೇ ಏರುಪೇರಾಗಬಹುದು. ಶೀತ, ಮೂಗುಕಟ್ಟುವಿಕೆಗೆ ಕೊಡುವ ಸೂಡೊಎಫೆಡ್ರಿನ್ ಇರುವ ಮಾತ್ರೆಯ ಜೊತೆಗೂ ಬೇಡ, ಎರಡೂ ಎದೆಬಡಿತ ಏರಿಸುವಂಥವೇ.

ಧೂಮಪಾನಿಗಳ ಕತೆ ತಿರುಗುಮುರುಗು. ಹೊಗೆ ಆ ಕಿಣ್ವವನ್ನು ಚುರುಕುಗೊಳಿಸುವುದರಿಂದ ಅವರಲ್ಲಿ ಕೆಫೀನ್ ಬೇಗ ಕರಗುತ್ತದೆ. ಸಿಗರೇಟು ಬಿಟ್ಟ ವಾರ ಅದೇ ಪ್ರಮಾಣದ ಕೆಫೀನ್ ದುಪ್ಪಟ್ಟಿನ ಹಾಗೆ ಬಡಿಯುತ್ತದೆ. ಎದೆ ಢವಢವ, ಕಿರಿಕಿರಿ, ನಿದ್ದೆಯಿಲ್ಲ. "ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ" ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಅರ್ಧ ಪಾಲು ತಪ್ಪು ಕೆಫೀನಿನದ್ದು ಇರಬಹುದು.

ಹೆಜ್ಜೆ 2: ಈಗಾಗಲೇ ಎಷ್ಟು ಕೆಫೀನ್ ಒಳಗೆ ಹೋಗುತ್ತಿದೆ

ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ. 240 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ, ಅಷ್ಟೇ ಚಹಾದಲ್ಲಿ ಸುಮಾರು 45, 250 ಮಿಲಿಲೀಟರಿನ ಎನರ್ಜಿ ಡ್ರಿಂಕ್ ಕ್ಯಾನಿನಲ್ಲಿ ಸಾಮಾನ್ಯವಾಗಿ 80, ಕೋಲಾ ಕ್ಯಾನಿನಲ್ಲಿ 35ರ ಆಸುಪಾಸು. ಡಿಕಾಕ್ಷನ್ ಎಷ್ಟು ಗಟ್ಟಿ ಎನ್ನುವುದರ ಮೇಲೆ ಇವೆಲ್ಲ ಹಿಂದೆಮುಂದೆ ಆಗುತ್ತವೆ, ಅಂದಾಜು ಸಾಕು. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಚಾಕೊಲೇಟಿನಲ್ಲೂ ಚೂರುಪಾರು ಇರುತ್ತದೆ, ಮರೆಯಬೇಡಿ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದು ಸಲಕ್ಕೆ 200 ಮಿಲಿಗ್ರಾಂ ಎನ್ನುವುದು ಮೇಲೆ ಹೇಳಿದ ಐರೋಪ್ಯ ಪ್ರಾಧಿಕಾರದ ಗೆರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ದಿನದ ಲೆಕ್ಕಕ್ಕೆ 400ನ್ನೇ ಹೇಳುತ್ತದೆ. ನಿಮ್ಮ ಚೀಟಿಯ ಮೊತ್ತ ಈಗಲೇ 300 ದಾಟಿದ್ದರೆ ಗ್ವಾರಾನಾ ಸೇರಿಸಲು ಜಾಗವಿಲ್ಲ. ಸೇರಿಸಲೇಬೇಕೆಂದಿದ್ದರೆ ಕಾಫಿಯ ಬದಲಿಗೆ ತೆಗೆದುಕೊಳ್ಳಬೇಕು, ಕಾಫಿಯ ಮೇಲೆ ಅಲ್ಲ.

ಇನ್ನೊಂದು ಪ್ರಶ್ನೆಯನ್ನೂ ಆ ಚೀಟಿಯ ಮೇಲೇ ಬರೆಯಿರಿ: ಸುಸ್ತು ಎಷ್ಟು ದಿನದಿಂದ? ಎರಡು ಮೂರು ವಾರದಿಂದ, ಸರಿಯಾಗಿ ಮಲಗಿ ಎದ್ದರೂ ಸುಸ್ತೇ ಎನ್ನುವುದಾದರೆ ಗ್ವಾರಾನಾ ಅಂಗಡಿಗಿಂತ ಮೊದಲು ರಕ್ತಪರೀಕ್ಷೆಗೆ ಹೋಗಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ, ಖಿನ್ನತೆ ಎಲ್ಲವೂ ಮೊದಲು ಸುಸ್ತಿನ ವೇಷದಲ್ಲೇ ಬರುತ್ತವೆ. ಕಬ್ಬಿಣಾಂಶ ಕಡಿಮೆ ಇರುವವರಿಗೆ ಗ್ವಾರಾನಾ ಇನ್ನೊಂದು ಏಟು ಕೊಡಬಹುದು, ಏಕೆಂದರೆ ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಆಹಾರದ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಸುಸ್ತಿಗೆ ತೆಗೆದುಕೊಂಡದ್ದೇ ಸುಸ್ತಿನ ಮೂಲವನ್ನು ಬೆಳೆಸಿದ ಹಾಗೆ.

ಹೆಜ್ಜೆ 3: ಲೇಬಲ್ ಲೆಕ್ಕ

ಇದೇ ಮುಖ್ಯ ಹೆಜ್ಜೆ, ನಿಧಾನವಾಗಿ ಓದಿ.

ಗ್ವಾರಾನಾ ಎರಡು ರೂಪದಲ್ಲಿ ಸಿಗುತ್ತದೆ: ಬೀಜದ ಪುಡಿ ಮತ್ತು ಸಾರ. ಪುಡಿ ಎಂದರೆ ಬೀಜವನ್ನೇ ಬೀಸಿದ್ದು. ಒಂದು ಗ್ರಾಂ ಪುಡಿಯಲ್ಲಿ 20ರಿಂದ 70 ಮಿಲಿಗ್ರಾಂ ಕೆಫೀನ್ ಇರಬಹುದು. ಈ ಅಂತರವೇ ಪುಡಿಯ ತಲೆನೋವು. ತಳಿ, ಮಣ್ಣು, ಹುರಿದ ರೀತಿ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಹೋದ ಸಲದ ಡಬ್ಬಿಯಂತೆ ಈ ಸಲದ್ದು ಇರಬೇಕೆಂದಿಲ್ಲ. ತುಂಬಿದ ಒಂದು ಟೀ ಚಮಚದಲ್ಲಿ ಮೂರು ಗ್ರಾಂ ಹಿಡಿಯಿತು ಎಂದುಕೊಳ್ಳಿ. ಆಗ ಕೆಫೀನ್ 60 ಮಿಲಿಗ್ರಾಂ ಆದರೂ ಇರಬಹುದು, 210 ಆದರೂ ಇರಬಹುದು. ಮೊದಲನೆಯದು ಒಂದು ಸಣ್ಣ ಲೋಟ ಕಾಫಿ, ಎರಡನೆಯದು ಒಂದು ಸಲದ ಗರಿಷ್ಠ ಮಿತಿಯನ್ನೇ ದಾಟಿದ್ದು. ಚಮಚ ಮಾತ್ರ ಅದೇ.

ಸಾರದಲ್ಲಿ ಕೆಫೀನನ್ನು ಇಂತಿಷ್ಟು ಶೇಕಡಾ ಎಂದು ನಿಗದಿ ಮಾಡಿರುತ್ತಾರೆ. "ಗ್ವಾರಾನಾ ಬೀಜದ ಸಾರ 500 ಮಿಲಿಗ್ರಾಂ, ಶೇ. 22 ಕೆಫೀನ್" ಎಂದಿದ್ದರೆ 500ರ ಶೇ. 22, ಅಂದರೆ 110 ಮಿಲಿಗ್ರಾಂ ಕೆಫೀನ್. ಅದೇ 500 ಮಿಲಿಗ್ರಾಂ ಶೇ. 10ರ ಸಾರವಾದರೆ 50. ಡಬ್ಬಿಯ ಮುಂದೆ ಎರಡಕ್ಕೂ "ಗ್ವಾರಾನಾ 500" ಎಂದೇ ಬರೆದಿರುತ್ತದೆ. ಜೊತೆಗೆ "ಒಂದು ಸರ್ವಿಂಗ್" ಎಂದರೆ ಎಷ್ಟು ಕ್ಯಾಪ್ಸೂಲ್ ಎಂದು ನೋಡಿ. ಎರಡು ಎಂದಿದ್ದರೆ 110 ಎನ್ನುವುದು ಒಂದಕ್ಕೋ ಎರಡಕ್ಕೋ ಎಂದು ಮತ್ತೊಮ್ಮೆ ಓದಿ.

"4:1 ಸಾರ" ಎಂಬ ಬರಹ ಕಂಡರೆ ಮೋಸಹೋಗಬೇಡಿ. ನಾಲ್ಕು ಕಿಲೋ ಬೀಜದಿಂದ ಒಂದು ಕಿಲೋ ಸಾರ ತೆಗೆದರು ಎಂಬುದಷ್ಟೇ ಅದರ ಅರ್ಥ. ಕೆಫೀನ್ ಎಷ್ಟು ಉಳಿಯಿತು ಎಂದು ಅದು ಹೇಳುವುದಿಲ್ಲ.

ಇನ್ನೂ ಜಾಣತನದ ಆಟ ಒಂದಿದೆ. ಪದಾರ್ಥಗಳ ಪಟ್ಟಿಯಲ್ಲಿ "ಕೆಫೀನ್ 150 ಮಿಲಿಗ್ರಾಂ" ಒಂದು ಸಾಲಿನಲ್ಲಿ, ಅದರ ಕೆಳಗೆ "ಗ್ವಾರಾನಾ ಸಾರ 300 ಮಿಲಿಗ್ರಾಂ" ಬೇರೆ ಸಾಲಿನಲ್ಲಿ ಇರುತ್ತದೆ. ಆ 150ರೊಳಗೆ ಗ್ವಾರಾನಾದ ಕೆಫೀನ್ ಸೇರಿದೆಯೋ ಇಲ್ಲವೋ ಎಂದು ಹೇಳಿರುವುದಿಲ್ಲ. ಸೇರಿಲ್ಲ ಎಂದುಕೊಂಡೇ ಲೆಕ್ಕ ಹಾಕಿ. "ಎನರ್ಜಿ ಬ್ಲೆಂಡ್ 1200 ಮಿಲಿಗ್ರಾಂ: ಟಾರಿನ್, ಗ್ವಾರಾನಾ, ಗ್ರೀನ್ ಟೀ, ಜಿನ್‌ಸೆಂಗ್" ಎಂದು ಎಲ್ಲವನ್ನೂ ಒಂದೇ ಮೂಟೆ ಕಟ್ಟಿದ್ದರೆ ಯಾವುದು ಎಷ್ಟು ಎಂದು ದೇವರೇ ಬಲ್ಲ. ಅದರಲ್ಲಿ ಕೆಫೀನ್ ಕೊಡುವ ಸಸ್ಯಗಳೇ ಎರಡಿವೆ. ಒಟ್ಟು ಕೆಫೀನ್ ಇಷ್ಟು ಎಂದು ಒಂದು ಅಂಕಿ ಬರೆಯುವಷ್ಟು ಧೈರ್ಯವಿಲ್ಲದ ಡಬ್ಬಿಯನ್ನು ನಾನು ಕೊಳ್ಳುವುದಿಲ್ಲ, ಬೇರೆ ಎಷ್ಟೇ ಚೆನ್ನಾಗಿದ್ದರೂ. ಮೂರನೆಯವರ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿದೆ ಎಂಬ ಮುದ್ರೆ ಇದ್ದರೆ ಒಳ್ಳೆಯದು.

ತೂಕ ಇಳಿಸುವ ಮಾತ್ರೆಗಳಲ್ಲೂ ಗ್ವಾರಾನಾ ಮೆಲ್ಲಗೆ ಬಂದು ಕೂತಿರುತ್ತದೆ. ಒಂದು ಕಾಲದಲ್ಲಿ ಎಫೆಡ್ರಾ ಗಿಡದ ಜೊತೆ ಇದನ್ನು ಜೋಡಿ ಮಾಡಿ ಮಾರುತ್ತಿದ್ದರು. ಹೃದಯಾಘಾತ, ಪಾರ್ಶ್ವವಾಯುವಿನ ದೂರುಗಳು ಹೆಚ್ಚಾಗಿ ಅಮೆರಿಕದಲ್ಲಿ 2004ರಲ್ಲಿ ಎಫೆಡ್ರಾ ಪೂರಕಗಳನ್ನು ನಿಷೇಧಿಸಿದರು. ಈಗ ಆ ಜಾಗಕ್ಕೆ ಕಹಿಕಿತ್ತಳೆಯ ಸಿನೆಫ್ರಿನ್ ಬಂದಿದೆ. ಹೆಸರು ಬದಲಾದರೂ ಉದ್ದೇಶ ಅದೇ, ನಿಮ್ಮ ಎದೆಬಡಿತವನ್ನು ಎರಡು ಕಡೆಯಿಂದ ತಳ್ಳುವುದು. ಇಂಥ ಜೋಡಿ ಬೇಡ.

ಅದರಿಂದ ಏನು ಸಿಗುತ್ತದೆ

ಇಷ್ಟೆಲ್ಲ ಓದಿದ ಮೇಲೂ ಬೇಕೆನ್ನಿಸಿದರೆ ಏನನ್ನು ನಿರೀಕ್ಷಿಸಬಹುದು ಎಂದೂ ತಿಳಿದಿರಲಿ.

ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ತನಗೆಂದೇ ಇರುವ ಗ್ರಾಹಕಗಳ ಮೇಲೆ ಕೂತಾಗ ನಮಗೆ ತೂಕಡಿಕೆ ಬರುತ್ತದೆ. ಕೆಫೀನ್ ಮಾಡುವುದು ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುವ ಕೆಲಸ. ತಾನು ಪ್ರಯಾಣ ಮಾಡುವುದಿಲ್ಲ, ಅಡೆನೊಸಿನ್‌ಗೆ ಕೂರಲೂ ಬಿಡುವುದಿಲ್ಲ. ಕೂರಲು ಸಿಗದ ಅಡೆನೊಸಿನ್ ಇಳಿದು ಹೋಗುವುದೂ ಇಲ್ಲ, ನಿಂತೇ ಕಾಯುತ್ತಿರುತ್ತದೆ. ಟವೆಲ್ ತೆಗೆದ ಕೂಡಲೇ ಒಟ್ಟಿಗೆ ನುಗ್ಗುತ್ತದೆ. ಮಧ್ಯಾಹ್ನದ ಆ ಧಡಕ್ಕನೆ ಬರುವ ಸುಸ್ತು ಅದೇ.

ಎಚ್ಚರ, ಗಮನ, ಚುರುಕು ಒಂದಿಷ್ಟು ಹೆಚ್ಚುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಓಟ, ಸೈಕಲ್‌ನಂಥ ದೀರ್ಘ ಕಸರತ್ತಿನಲ್ಲೂ ಕೆಫೀನ್ ನೆರವಾಗುತ್ತದೆ. ವಿಶ್ವ ಉದ್ದೀಪನ ತಡೆ ಸಂಸ್ಥೆ 2004ರಿಂದ ಅದನ್ನು ನಿಷೇಧಿತ ಪಟ್ಟಿಯಿಂದ ಕೈಬಿಟ್ಟಿದೆ, ಆದರೂ ಬಳಕೆಯ ಮೇಲೆ ಕಣ್ಣಿಟ್ಟಿದೆ.

ಗ್ವಾರಾನಾಕ್ಕೆ ಕೆಫೀನನ್ನು ಮೀರಿದ ಗುಣ ಇದೆಯೇ? ಕುತೂಹಲದ ಪ್ರಶ್ನೆ ಇದು. 2004 ಮತ್ತು 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಸಣ್ಣ ಪ್ರಯೋಗಗಳಲ್ಲಿ 75 ಮಿಲಿಗ್ರಾಂ ಸಾರ ಕೊಟ್ಟಾಗಲೇ ಗಮನದ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತ್ತು. ಅದರಲ್ಲಿದ್ದ ಕೆಫೀನ್ 9 ಮಿಲಿಗ್ರಾಂ ಅಷ್ಟೇ, ಅಂದರೆ ಎರಡು ಗುಟುಕು ಕಾಫಿಯಷ್ಟು. ಹಾಗಾದರೆ ಟ್ಯಾನಿನ್, ಸಪೋನಿನ್‌ನಂಥ ಬೇರೇನೋ ಕೂಡ ಕೈಜೋಡಿಸುತ್ತಿರಬಹುದು. ಎರಡನೇ ಪ್ರಯೋಗದಲ್ಲಿ ಹೆಚ್ಚು ಪ್ರಮಾಣಕ್ಕಿಂತ ಕಡಿಮೆ ಪ್ರಮಾಣವೇ ಒಳ್ಳೆಯ ಫಲ ಕೊಟ್ಟಿತು. 1000 ಮಿಲಿಗ್ರಾಂ ಕ್ಯಾಪ್ಸೂಲ್ ಮಾರುವವರು ಈ ಪ್ರಯೋಗಗಳನ್ನೇ ತಮ್ಮ ಬೆಂಬಲಕ್ಕೆ ತೋರಿಸುವುದು ತಮಾಷೆ.

"ಟ್ಯಾನಿನ್ ಅಂಟಿಕೊಂಡಿರುವುದರಿಂದ ಗ್ವಾರಾನಾದ ಕೆಫೀನ್ ನಿಧಾನವಾಗಿ ಬಿಡುಗಡೆಯಾಗುತ್ತದೆ" ಎಂಬ ಮಾತನ್ನು ಮಾತ್ರ ನಂಬಬೇಡಿ. 1990ರ ದಶಕದ ಆರಂಭದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಗ್ವಾರಾನಾದ ಕೆಫೀನ್ ಬರಿಯ ಕೆಫೀನಿನಷ್ಟೇ ಬೇಗ ಹೀರಿಕೆಯಾಯಿತು. ಈ ತಪ್ಪು ನಂಬಿಕೆಯ ಅಪಾಯ ಏನೆಂದರೆ, ಅರ್ಧ ಗಂಟೆಯಾದರೂ ಏನೂ ಅನ್ನಿಸದಿದ್ದಾಗ "ಇದು ನಿಧಾನದ್ದು, ಇನ್ನೊಂದು ಹಾಕೋಣ" ಎಂದು ಎರಡನೆಯದನ್ನೂ ನುಂಗುತ್ತೇವೆ. ಎರಡೂ ಒಟ್ಟಿಗೆ ಏರುತ್ತವೆ.

ತೂಕ ಇಳಿಕೆ, ಲೈಂಗಿಕ ಶಕ್ತಿ, ಕ್ಯಾನ್ಸರ್ ತಡೆ ಇತ್ಯಾದಿ ಭರವಸೆಗಳನ್ನು ಪಕ್ಕಕ್ಕಿಡಿ. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಬಳಲಿಕೆಗೆ ಬ್ರೆಜಿಲಿನಲ್ಲಿ ಪ್ರಯತ್ನಿಸಿ ನೋಡಿದ್ದಾರೆ, ಒಂದು ಪ್ರಯೋಗದಲ್ಲಿ ಗುಣ ಕಂಡರೆ ಇನ್ನೊಂದರಲ್ಲಿ ಕಾಣಲಿಲ್ಲ. ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು.

ಹೆಜ್ಜೆ 4: ಮೊದಲ ದಿನ

ರಜೆಯ ದಿನ ಆರಿಸಿಕೊಳ್ಳಿ. ಮುಖ್ಯವಾದ ಸಂದರ್ಶನದ ಬೆಳಿಗ್ಗೆಯೋ, ದೂರದ ಡ್ರೈವಿಂಗ್ ಇರುವ ದಿನವೋ ಹೊಸ ಪದಾರ್ಥದ ಪ್ರಯೋಗಕ್ಕೆ ಹೇಳಿಮಾಡಿಸಿದ್ದಲ್ಲ. ಆ ದಿನ ಕಾಫಿ, ಚಹಾ ಬೇಡ. ಬೆಳಗಿನ ತಿಂಡಿ ಆದ ಮೇಲೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆ ತೊಳಸುವುದು, ಎದೆಯುರಿ ಖಾತ್ರಿ.

ಪ್ರಮಾಣ 40ರಿಂದ 50 ಮಿಲಿಗ್ರಾಂ ಕೆಫೀನ್ ಬರುವಷ್ಟಿರಲಿ. ಶೇ. 10ರ ಸಾರವಾದರೆ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್. ಶೇ. 22ರದ್ದಾದರೆ 200 ಮಿಲಿಗ್ರಾಂ. 500ರ ಕ್ಯಾಪ್ಸೂಲನ್ನು ಬಿಚ್ಚಿ ಅರ್ಧಕ್ಕಿಂತ ಕಡಿಮೆ ಬಳಸಬೇಕಾಗುತ್ತದೆ, ಅದಕ್ಕೇ ಮೊದಲ ಸಲಕ್ಕೆ ಸಣ್ಣ ಪ್ರಮಾಣದ ಕ್ಯಾಪ್ಸೂಲ್ ಕೊಳ್ಳುವುದು ಸುಲಭ. ಪುಡಿಯಾದರೆ ಅಡುಗೆಮನೆಯ ಚಮಚ ನಂಬಬೇಡಿ. ಗ್ರಾಂನ ಹತ್ತನೇ ಒಂದರಷ್ಟು ತೋರಿಸುವ ಪುಟ್ಟ ತೂಕದ ಯಂತ್ರದಲ್ಲಿ ಅರ್ಧ ಗ್ರಾಂ (ಪುಡಿ ಎಷ್ಟೇ ಗಟ್ಟಿಯಿದ್ದರೂ 35 ಮಿಲಿಗ್ರಾಂ ಕೆಫೀನ್ ದಾಟದು) ತೂಗಿ, ನೀರಿಗೋ ಹಣ್ಣಿನ ರಸಕ್ಕೋ ಕದಡಿ ಕುಡಿಯಿರಿ. ರುಚಿ ಕಹಿ, ಒಗರು, ಸ್ವಲ್ಪ ಮಣ್ಣಿನ ವಾಸನೆ. ಮೊದಲ ಸಲ ನಾನು ಮೂಗು ಮುಚ್ಚಿಕೊಂಡೇ ಕುಡಿದದ್ದು.

ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ತೆಗೆದುಕೊಳ್ಳುವ ಮುಂಚೆ ಒಮ್ಮೆ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಅಂಕಿ 5ರಿಂದ 10ರಷ್ಟು ಏರಿದ್ದರೆ ಕೆಫೀನ್ ನಿಮ್ಮ ಬಿಪಿ ಮೇಲೆ ಕೆಲಸ ಮಾಡುತ್ತದೆ ಎಂದರ್ಥ. ಪ್ರಮಾಣ ಏರಿಸುವ ಯೋಚನೆ ಬಿಡಿ. ಪರಿಣಾಮ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತುದಿ ಮುಟ್ಟುತ್ತದೆ. ಅಷ್ಟರಲ್ಲಿ ಏನೂ ಅನ್ನಿಸದಿದ್ದರೂ ಆ ದಿನಕ್ಕೆ ಅಷ್ಟೇ.

ಎರಡು ಮೂರು ದಿನ ಅದೇ ಪ್ರಮಾಣದಲ್ಲಿ ತೊಂದರೆ ಕಾಣದಿದ್ದರೆ 80ರಿಂದ 100 ಮಿಲಿಗ್ರಾಂ ಕೆಫೀನ್‌ವರೆಗೆ ಹೋಗಬಹುದು. ಅದಕ್ಕಿಂತ ಮೇಲೆ ಹೋಗಬೇಕಾದ ಅಗತ್ಯ ದಿನನಿತ್ಯದ ಕೆಲಸಕ್ಕೆ ನನಗಂತೂ ಕಂಡಿಲ್ಲ.

ಹೆಜ್ಜೆ 5: ಗಡಿಯಾರ

ಕೆಫೀನಿನ ಅರ್ಧಾಯುಷ್ಯ ಸುಮಾರು ಐದು ಗಂಟೆ. ಮಧ್ಯಾಹ್ನ ಮೂರಕ್ಕೆ 100 ಮಿಲಿಗ್ರಾಂ ತೆಗೆದುಕೊಂಡರೆ ರಾತ್ರಿ ಎಂಟಕ್ಕೂ ಅದರಲ್ಲಿ 50 ಮೈಯೊಳಗೆ ಇರುತ್ತದೆ, ನಡುರಾತ್ರಿ ದಾಟಿದ ಮೇಲೂ 25. ಇದು ಸರಾಸರಿ. ಕೆಲವರಲ್ಲಿ ಎರಡು ಗಂಟೆಗೇ ಅರ್ಧವಾಗುತ್ತದೆ, ಕೆಲವರಲ್ಲಿ ಒಂಬತ್ತು ಗಂಟೆ ಬೇಕು. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೊಟ್ಟು ನೋಡಿದ 2013ರ ಪ್ರಯೋಗದಲ್ಲಿ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು.

"ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ" ಎನ್ನುವವರು ಇದನ್ನು ಓದಿ ನಗುತ್ತಾರೆ. ನಾನೂ ನಗುತ್ತಿದ್ದೆ. ಒಂದು ಸಂಜೆ ಐದೂವರೆಗೆ ಕೆಲಸ ಮುಗಿಸಲೆಂದು ಒಂದು ಕ್ಯಾಪ್ಸೂಲ್ ನುಂಗಿ, ರಾತ್ರಿ ಎರಡರವರೆಗೆ ಫ್ಯಾನಿನ ರೆಕ್ಕೆ ಎಣಿಸಿದೆ. ಮೂರೇ ರೆಕ್ಕೆ ಇದ್ದದ್ದು. ನಿದ್ದೆ ಬಂದವರಿಗೂ ಗಾಢ ನಿದ್ದೆಯ ಪಾಲು ಕಡಿಮೆಯಾಗಿರುತ್ತದೆ, ಅದು ಬೆಳಿಗ್ಗೆ ಸುಸ್ತಾಗಿ ಕಾಣಿಸಿಕೊಳ್ಳುತ್ತದೆ, ಆ ಸುಸ್ತಿಗೆ ಮತ್ತೊಂದು ಕ್ಯಾಪ್ಸೂಲ್. ಹೊರಗಿನಿಂದ ನೋಡುವವರಿಗೆ ಇದು ಗಾಣದ ಎತ್ತಿನ ಸುತ್ತಾಟ, ಒಳಗಿರುವವರಿಗೆ ಮುಂದೆ ಹೋದ ಹಾಗೆಯೇ ಇರುತ್ತದೆ.

ಹಾಗಾಗಿ ಮಲಗುವ ಹೊತ್ತಿಗೆ ಎಂಟು ಗಂಟೆ ಮೊದಲೇ ಆ ದಿನದ ಕೊನೆಯ ಕೆಫೀನ್ ಆಗಿರಲಿ. ರಾತ್ರಿ ಪಾಳಿಯವರೂ ಇದೇ ಲೆಕ್ಕ ಹಿಡಿಯಬಹುದು: ಪಾಳಿಯ ಆರಂಭದಲ್ಲಿ ತೆಗೆದುಕೊಳ್ಳಿ, ಬೆಳಗಿನ ಜಾವದಲ್ಲಿ ಬೇಡ.

ಹೃದಯದ ಕೆಲವು ಬಗೆಯ ಸ್ಟ್ರೆಸ್ ಟೆಸ್ಟ್‌ಗಳಿಗೆ 12ರಿಂದ 24 ಗಂಟೆ ಮುಂಚೆ ಕೆಫೀನ್ ನಿಲ್ಲಿಸಲು ಹೇಳುತ್ತಾರೆ. ಕಾಫಿ ನಿಲ್ಲಿಸಿದವರು ಗ್ವಾರಾನಾ ಕ್ಯಾಪ್ಸೂಲ್ ಮರೆಯುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆಯೂ ಅಷ್ಟೇ, ಏನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ "ಗಿಡಮೂಲಿಕೆ" ಎಂದು ಬಿಟ್ಟುಬಿಡಬೇಡಿ.

ಯಾವಾಗ ನಿಲ್ಲಿಸಬೇಕು, ಯಾವಾಗ ಓಡಬೇಕು

ಕೈ ನಡುಗುವುದು, ಸುಮ್ಮನೆ ರೇಗುವುದು, ಪದೇಪದೇ ಮೂತ್ರಕ್ಕೆ ಹೋಗುವುದು, ಹೊಟ್ಟೆ ಕೆಡುವುದು, ಕಾರಣವಿಲ್ಲದ ಆತಂಕ ಇವು ಪ್ರಮಾಣ ಹೆಚ್ಚಾಗಿದೆ ಎಂಬ ಸೂಚನೆ. ಆ ದಿನ ಮತ್ತೆ ತೆಗೆದುಕೊಳ್ಳದೆ, ನೀರು ಕುಡಿದು ಕಾಯಿರಿ. ಮರುದಿನದಿಂದ ಅರ್ಧ ಮಾಡಿ, ಇಲ್ಲವೇ ಬಿಡಿ.

ಎದೆನೋವು, ಲಯ ತಪ್ಪಿದ ಬಡಿತ, ಬಿಡದ ವಾಂತಿ, ತಲೆಸುತ್ತಿ ಬೀಳುವುದು, ಗೊಂದಲದ ಮಾತು, ಫಿಟ್ಸ್ ಕಂಡರೆ ಕಾಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಹೋಗುವಾಗ ಡಬ್ಬಿಯನ್ನೂ ಕೊಂಡೊಯ್ಯಿರಿ, ವೈದ್ಯರಿಗೆ ಹಿಂಭಾಗದ ಆ ಸಣ್ಣಕ್ಷರ ಬೇಕಾಗುತ್ತದೆ. ಸುಮಾರು 1200 ಮಿಲಿಗ್ರಾಂ ಕೆಫೀನನ್ನು ಒಮ್ಮೆಗೇ ಸೇವಿಸಿದರೆ ಫಿಟ್ಸ್‌ನಂಥ ವಿಷಪರಿಣಾಮ ಕಾಣಬಹುದು ಎಂದು ಎಫ್‌ಡಿಎ ಎಚ್ಚರಿಸುತ್ತದೆ. ಕಾಫಿ ಕುಡಿದು ಅಲ್ಲಿಗೆ ಮುಟ್ಟುವುದು ಕಷ್ಟ, ಹೊಟ್ಟೆಯೇ ಬೇಡವೆನ್ನುತ್ತದೆ. ಸಾಂದ್ರ ಸಾರದ ಐದಾರು ಗ್ರಾಂ ಪುಡಿಗೆ ಆ ತಡೆಯಿಲ್ಲ. ಮಕ್ಕಳಿರುವ ಮನೆಯಲ್ಲಿ ಈ ಡಬ್ಬಿ ಔಷಧಿಯ ಜೊತೆ ಮೇಲಿರಬೇಕು, ತಿಂಡಿ ಡಬ್ಬಿಗಳ ಜೊತೆ ಕೆಳಗಲ್ಲ.

ಮದ್ಯದ ಜೊತೆ ಮಾತ್ರ ಎಂದಿಗೂ ಬೇಡ. ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಅಮಲೇರಿದ್ದು ಗೊತ್ತಾಗದಂತೆ ಮಾಡುತ್ತದೆ. ನೆಟ್ಟಗಿದ್ದೇನೆ ಎಂದುಕೊಂಡು ಇನ್ನೊಂದು ಗ್ಲಾಸು, ಆಮೇಲೆ ಗಾಡಿಯ ಕೀಲಿ.

ಹೆಜ್ಜೆ 6: ಬಿಡುವುದು

ದಿನಾ ತೆಗೆದುಕೊಂಡರೆ ಒಂದೆರಡು ವಾರಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ. ಮೆದುಳು ಅಡೆನೊಸಿನ್‌ಗೆ ಹೊಸ ಸೀಟುಗಳನ್ನು ಹಾಕಿಕೊಳ್ಳುತ್ತದೆ, ಮೊದಲಿನ ಟವೆಲ್ ಸಾಲುವುದಿಲ್ಲ. ಆಗ ಪ್ರಮಾಣ ಏರಿಸುವ ಬದಲು ವಾರದಲ್ಲಿ ಎರಡು ಮೂರು ದಿನಕ್ಕಷ್ಟೇ ಇಳಿಸಿ, ನಿಜವಾಗಿ ಬೇಕಾದ ದಿನಕ್ಕೆ ಕಾದಿಡಿ. ನನ್ನ ಮಟ್ಟಿಗೆ ಗ್ವಾರಾನಾವನ್ನು ಇಟ್ಟುಕೊಳ್ಳಬೇಕಾದ ರೀತಿ ಇದೊಂದೇ.

ತಿಂಗಳುಗಟ್ಟಲೆ ದಿನವೂ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಎರಡನೇ ದಿನ ಜೋರಾಗಿರುತ್ತದೆ, ಮಂಕು, ಸಿಡಿಮಿಡಿ ಸೇರಿ ಒಂದು ವಾರದವರೆಗೂ ಎಳೆಯಬಹುದು. ಅದನ್ನು ತಪ್ಪಿಸಲು ಕೆಫೀನಿನ ಮೊತ್ತವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಾಲುಭಾಗ ಇಳಿಸುತ್ತ ಬನ್ನಿ. 200 ಇದ್ದದ್ದು 150, ಆಮೇಲೆ 100, ಆಮೇಲೆ 50. ಈ ದಿನಗಳಲ್ಲಿ ತಲೆನೋವಿಗೆ ಮಾತ್ರೆ ನುಂಗಬೇಕಾದರೆ ಅದರ ಪಟ್ಟಿಯ ಹಿಂಭಾಗವನ್ನೂ ತಿರುಗಿಸಿ ನೋಡಿ, ಅದರಲ್ಲೂ ಕೆಫೀನ್ ಇರಬಹುದು.